ಹತ್ತರ ಬಸ್ಸು

ಏಪ್ರಿಲ್ ಬಂತೆಂದರೆ ಬಳ್ಳಾರಿಯ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಸುತ್ತಾರೆ. ಬೇಸಿಗೆಯ ಎರಡು ತಿಂಗಳಿಗೆಂದು ಕಲಬುರಗಿ ವಿಭಾಗಕ್ಕೆಲ್ಲ ಸರ್ಕಾರವೇ ಆದೇಶ ಹೊರಡಿಸುತ್ತದೆ. ಇದನ್ನು ನೌಕರರಿಗೆ ತೋರಿದ ಕನಿಕರ ಎಂದು ಯಾರೂ ಅನ್ನುವುದಿಲ್ಲ. ಬಿಸಿಲು ಹಾಗಿದೆ, ಮೈ ತಡೆಯುವುದಿಲ್ಲ, ಅಷ್ಟೆ.

ಕೌಲ್ ಬಜಾರಿನ ಜೀನ್ಸ್ ಹೊಲಿಗೆ ಶೆಡ್ಡುಗಳಲ್ಲೂ ಗಡಿಯಾರ ಬಾಗುತ್ತದೆ. ಕರೆಂಟು ಕೈಕೊಟ್ಟರೆ ಹಗಲಿನ ಕೆಲಸ ರಾತ್ರಿಗೆ. ಶುಕ್ರವಾರ ನಮಾಜಿಗೆ ಎದ್ದವರ ಮಷೀನು ಸುಮ್ಮನಿರುತ್ತದೆ. ಹಬ್ಬದ ಆರ್ಡರು ಬಿದ್ದರಂತೂ ವೇಳೆ ಎಂಬುದೇ ಇಲ್ಲ. ಆ ಗಡಿಯಾರ ಬಾಗದೆ ನಿಂತದ್ದನ್ನು ನಾನು ಕಂಡದ್ದು ಒಬ್ಬ ಹೆಣ್ಣುಮಗಳ ವಿಷಯದಲ್ಲಿ.

ಕುರುಗೋಡು ಕಡೆಯವಳು, ನಲವತ್ತರ ಆಸುಪಾಸು. ಪೋಲಿಯೊದಿಂದ ಎಡಗಾಲು ಸೊರಗಿದೆ. ಬಲಗಾಲಲ್ಲೇ ಪೆಡಲ್ ಒತ್ತಿ ಪ್ಯಾಂಟಿನ ಬಾಟಮ್ ಹೊಡೆಯುವುದರಲ್ಲಿ ಪಳಗಿದ ಕೈ. ಎಂಟರ ಬಸ್ಸಿನಲ್ಲಿ ಕಾಲೇಜು ಹುಡುಗರು ಬಾಗಿಲವರೆಗೂ ತುಂಬಿರುತ್ತಾರೆ. ಆಕೆ ಮೊದಲು ಕೋಲನ್ನು ಒಳಗೆ ಕೊಟ್ಟು, ಎರಡೂ ಕೈಯಿಂದ ಕಂಬಿ ಹಿಡಿದು, ಸೊಂಟ ಎತ್ತಿ, ಆಮೇಲೆ ಕಾಲನ್ನು ಎಳೆದುಕೊಳ್ಳಬೇಕು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿರುತ್ತಾನೆ. ಹತ್ತರ ಬಸ್ಸು ಖಾಲಿ. ಒಂಬತ್ತೂವರೆ ಬದಲು ಹನ್ನೊಂದಕ್ಕೆ ಬರಲೇ ಎಂದಷ್ಟೇ ಆಕೆ ಕೇಳಿದ್ದು.

“ಆಕಿಗೊಂದು ನ್ಯಾಯ, ಉಳಿದೋರಿಗೊಂದಾ?” ಎಂದರು ಮಾಲೀಕರು.

ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ಜೇಬು, ಜಿಪ್ಪು, ಸೈಡು, ಬೆಲ್ಟು ಎಂದು ಕೈಯಿಂದ ಕೈಗೆ ಸಾಗುವ ಕೆಲಸದಲ್ಲಿ ಒಬ್ಬರು ತಡವಾದರೆ ಮುಂದಿನವರು ಕೈಕಟ್ಟಿ ಕೂರಬೇಕು. ಆದರೆ ಬಾಟಮ್ ಬರುವುದು ಕಡೆಗೆ. ಒಂಬತ್ತೂವರೆಗೆ ಆಕೆಯ ಮುಂದೆ ಪೀಸೇ ಇರುವುದಿಲ್ಲ. ಇದ್ದರೂ ನಿನ್ನೆ ಉಳಿದ ನಾಲ್ಕಾರು. ಕೂಲಿಯೋ, ಪೀಸಿನ ಲೆಕ್ಕ. ಕಡಿಮೆ ಹೊಲಿದರೆ ನಷ್ಟ ಆಕೆಯದೇ. ಹಾಗಿದ್ದೂ ಒಂಬತ್ತೂವರೆಯ ಹಟ ಏಕೆ? ಎಲ್ಲರೂ ಒಟ್ಟಿಗೆ ಹೊಸ್ತಿಲು ದಾಟುವುದನ್ನು ನೋಡುವುದರಲ್ಲಿ ಮಾಲೀಕತನಕ್ಕೆ ಒಂದು ಸುಖವಿದೆ ಎಂದು ನನ್ನ ಗುಮಾನಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೂಕ್ತ ಹೊಂದಾಣಿಕೆ ಎಂಬ ಮಾತಿದೆ: ಅತಿಯಾದ ಹೊರೆಯಾಗದಂತೆ, ಆ ವ್ಯಕ್ತಿಗೆ ಬೇಕಾದ ಮಾರ್ಪಾಡು. 2021ರಲ್ಲಿ ಸುಪ್ರೀಂ ಕೋರ್ಟು, ಬರೆಯುವಾಗ ಕೈ ಸೆಡೆತುಕೊಳ್ಳುವ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ಪರೀಕ್ಷೆಯಲ್ಲಿ ಸಹಾಯಕ ಬರಹಗಾರನನ್ನು ಪಡೆಯುವ ಹಕ್ಕಿದೆ ಎಂದಿತು. ಶೇ 40ರ ಅಂಗವೈಕಲ್ಯ ಇಲ್ಲವಲ್ಲ ಎಂಬ ತಕರಾರಿಗೆ ಸೊಪ್ಪು ಹಾಕಲಿಲ್ಲ. ಆದರೆ ಹೊಂದಾಣಿಕೆ ಕೊಡಲೇಬೇಕು ಎಂದು ಕಾಯ್ದೆಯ 20ನೇ ಕಲಂ ಬಿಗಿಯಾಗಿ ಹೇಳಿರುವುದು ಸರ್ಕಾರಿ ಸಂಸ್ಥೆಗಳಿಗೆ. ಹತ್ತು ಮಷೀನಿನ ಶೆಡ್ಡಿಗೆ ಆ ಬಿಗಿ ಮುಟ್ಟುವುದಿಲ್ಲ.

ಕಾನೂನು ಒತ್ತಟ್ಟಿಗಿರಲಿ. ಬಿಸಿಲು ಎಲ್ಲರ ನೆತ್ತಿ ಸುಡುತ್ತದೆ, ಹಾಗಾಗಿ ಅದು ಹವಾಮಾನ. ಪೋಲಿಯೊ ಒಬ್ಬಳ ಕಾಲಿಗೆ ಬಂದದ್ದು, ಹಾಗಾಗಿ ಅದು ನೆಪ. ಒಂದೇ ನ್ಯಾಯ ಎನ್ನುವಾಗ ನಾವು ಮಾಡುತ್ತಿರುವುದು ತಲೆ ಎಣಿಕೆ. ಬಹಳ ಮಂದಿಯ ಮೈ ಸೋತರೆ ವೇಳಾಪಟ್ಟಿ ಬದಲಾಗುತ್ತದೆ, ಒಬ್ಬರ ಮೈ ಸೋತರೆ ಆಳು ಬದಲಾಗುತ್ತದೆ.

ಈಗ ಆಕೆ ಬಂಡಲನ್ನು ಮನೆಗೇ ತರಿಸಿಕೊಂಡು ಹೊಲಿಯುತ್ತಾಳೆ. ಹೊತ್ತು ಪೂರ್ತಿ ಆಕೆಯದೇ. ಮಷೀನಿನ ಕಂತು, ದಾರ, ಕರೆಂಟು ಬಿಲ್ಲು, ಬಂಡಲಿನ ಆಟೋ ಬಾಡಿಗೆ, ಅವೂ ಆಕೆಯವೇ.