ನಿರುದ್ಯೋಗಿಯ ಉದ್ಯೋಗ

ಸಂಸ್ಕೃತದಲ್ಲಿ ‘ಉದ್ಯೋಗ’ವೆಂದರೆ ಪ್ರಯತ್ನ, ಮೇಲೆದ್ದು ತೊಡಗುವಿಕೆ. ಮಹಾಭಾರತದ ಐದನೆಯ ಪರ್ವಕ್ಕೆ ಆ ಹೆಸರು ಬಂದುದು ಅಲ್ಲಿ ಯಾರಿಗೋ ನೌಕರಿ ದೊರೆತುದರಿಂದಲ್ಲ. ಸಂಧಿಗಾಗಿಯೂ ಸಮರಕ್ಕಾಗಿಯೂ ನಡೆದ ಸನ್ನಾಹವೆಲ್ಲ ಅಲ್ಲಿ ವರ್ಣಿತವಾಗಿರುವುದರಿಂದ. ಕನ್ನಡದ ವ್ಯವಹಾರದಲ್ಲಿ ಈ ಶಬ್ದವು ಕಾಲಕ್ರಮದಲ್ಲಿ ಸಂಬಳದ ಕೆಲಸವೆಂಬ ಅರ್ಥಕ್ಕೆ ಬಂದು ನಿಂತಿತು. ಬಂದುದರಲ್ಲಿ ದೋಷವೇನೂ ಇಲ್ಲ. ಶಬ್ದಗಳ ಸಂಸಾರದಲ್ಲಿ ಇಂತಹ ವಲಸೆಗಳು ಸಹಜವೇ. ಆದರೆ ‘ನಿರುದ್ಯೋಗಿ’ ಎಂಬ ಪದದಲ್ಲಿ ಹಳೆಯ ಅರ್ಥವು ಪೂರ್ತಿಯಾಗಿ ಸತ್ತಿಲ್ಲ. ಹಳೆಯ ಅರ್ಥದಲ್ಲಿ ಅದು ಪ್ರಯತ್ನವಿಲ್ಲದವನ, ಎಂದರೆ ಸೋಮಾರಿಯ ಹೆಸರು. ಹೊಸ ಅರ್ಥದಲ್ಲಿ ಕೆಲಸ ಸಿಗದವನ ಹೆಸರು. ಕೆಲಸ ಸಿಗದವನನ್ನು ಈ ಪದದಿಂದ ಕರೆದಾಗಲೆಲ್ಲ ನಾವು ನಮಗರಿವಿಲ್ಲದೆಯೇ ಅವನ ಮೇಲೊಂದು ಆರೋಪವನ್ನು ಹೊರಿಸಿರುತ್ತೇವೆ. ಲೋಕದ ಹಲವು ಸರಕಾರಗಳು ಆ ಆರೋಪವನ್ನು ಶಾಸನದೊಳಕ್ಕೇ ತಂದಿವೆ. ಭತ್ಯೆ ಬೇಡುವವನು ತಾನು ಕೆಲಸವನ್ನು ಹುಡುಕುತ್ತಲೇ ಇರುವೆನೆಂದು ಸಾಕ್ಷಿಸಮೇತವಾಗಿ ಸಿದ್ಧಪಡಿಸತಕ್ಕದ್ದು ಎಂಬುದು ಅಲ್ಲಿಯ ನಿಯಮ. ನಿರುದ್ಯೋಗಿಯು ತನ್ನ ಉದ್ಯೋಗವನ್ನು ತೋರಿಸಬೇಕು!

ಈ ವಿಚಾರವು ನಮಗೆ ದೂರದ್ದೆನ್ನುವಂತಿಲ್ಲ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ನಮ್ಮ ರಾಜ್ಯದ ‘ಯುವನಿಧಿ’ ಯೋಜನೆಯ ಮೊದಲ ಹಣವು ಪಾವತಿಯಾಯಿತು. ಪದವಿ ಪಡೆದು 180 ದಿನಗಳಾದರೂ ಕೆಲಸ ದೊರೆಯದವರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿ. ಎರಡು ವರ್ಷಗಳ ಮಿತಿ. ನಡುವೆ ಕೆಲಸ ದೊರೆತರೆ ಅಲ್ಲಿಗೆ ನಿಲುಗಡೆ. ಅಂದಿನಿಂದ ಭಕ್ತರ ಮನೆಗಳಲ್ಲಿ ಒಂದು ಪ್ರಶ್ನೆಯು ಕೇಳಿಬರುತ್ತಿದೆ. ಕಾಯಕವನ್ನು ಸಾರಿದ ಶರಣರ ನಾಡಿನಲ್ಲಿ ಕೂತವರಿಗೆ ಕೂಳು ಹಾಕುವುದು ಧರ್ಮವೇ? ಹಾಕುವುದೇ ಆದರೆ, ಕೆಲಸ ಹುಡುಕಿದ್ದಕ್ಕೆ ಪುರಾವೆಯನ್ನಾದರೂ ಕೇಳಬೇಡವೇ? ಪ್ರಶ್ನೆಯು ನ್ಯಾಯವಾದುದೇ. ಇಂತಹ ಪುರಾವೆಯನ್ನು ಕೇಳತೊಡಗಿ ನೂರು ವರ್ಷಗಳು ಕಳೆದಿರುವ ದೇಶವೊಂದರ ಅನುಭವವನ್ನು ಮೊದಲು ನೋಡೋಣ.

ಇಂಗ್ಲೆಂಡಿನಲ್ಲಿ 1911ರ ವಿಮಾಶಾಸನವು ಕಟ್ಟಡ, ಹಡಗು, ಯಂತ್ರ ಮೊದಲಾದ ಕೆಲವು ಕಸುಬುಗಳ ಕಾರ್ಮಿಕರಿಗೆ ಕೆಲಸ ತಪ್ಪಿದಾಗ ವಾರಕ್ಕೆ 7 ಷಿಲಿಂಗುಗಳನ್ನು, ವರ್ಷದಲ್ಲಿ ಹೆಚ್ಚೆಂದರೆ 15 ವಾರಗಳವರೆಗೆ, ಕೊಡುವ ಏರ್ಪಾಡು ಮಾಡಿತು. ಕೆಲಸ ಕೊಡಿಸುವ ಸರಕಾರಿ ಕಛೇರಿಗಳು ಅದಕ್ಕೆ ಒಂದು ವರ್ಷ ಮೊದಲೇ ತೆರೆದಿದ್ದವು. ಕಾರ್ಮಿಕನು ಅಲ್ಲಿ ಹೆಸರು ಬರೆಯಿಸಿದರೆ ಸಾಕು. ತಕ್ಕ ಕೆಲಸವಿದ್ದರೆ ಕಛೇರಿಯು ಅವನಿಗೆ ಹೇಳುವುದು, ಅವನು ಹೋಗಬೇಕಾದುದು. ಇದು ಸರಳವಾದ ಪರೀಕ್ಷೆ. ಮೊದಲನೆಯ ಮಹಾಯುದ್ಧವು ಮುಗಿದ ತರುವಾಯ ಕೆಲಸವಿಲ್ಲದವರ ಸಂಖ್ಯೆ ಬೆಳೆಯಿತು. ತಾವು ಕಟ್ಟಿದ ವಿಮೆಯ ಹಣಕ್ಕೆ ಮೀರಿ ಭತ್ಯೆ ಬೇಡುವವರು ಹೆಚ್ಚಿದರು. ಆಗ 1921ರಲ್ಲಿ ಅಂಥವರಿಗೆ ಹೊಸ ನಿಬಂಧನೆಯೊಂದು ಬಂದಿತು. ಬೇಡುವವನು ‘ಪ್ರಾಮಾಣಿಕವಾಗಿ ಕೆಲಸವನ್ನು ಅರಸುತ್ತಿರಬೇಕು’. 1924ರಲ್ಲಿ ಇದನ್ನು ವಿಮೆ ಕಟ್ಟಿದ್ದವರಿಗೂ ವಿಸ್ತರಿಸಲಾಯಿತು. ಸಿದ್ಧಪಡಿಸುವ ಹೊರೆಯೆಲ್ಲ ಬೇಡುವವನ ಹೆಗಲಿಗೆ.

ಕಲ್ಲಿದ್ದಲ ಗಣಿಗಳು ಮುಚ್ಚಿದ ಊರುಗಳಲ್ಲಿ, ಹಡಗು ಕಟ್ಟುವುದು ನಿಂತುಹೋದ ರೇವುಗಳಲ್ಲಿ ಈ ನಿಬಂಧನೆಯು ಹೇಗೆ ನಡೆದಿರಬಹುದೆಂಬುದನ್ನು ವಾಚಕರು ಊಹಿಸಬಲ್ಲರು. ಯಾವ ದಿನ ಯಾವ ಬಾಗಿಲಿಗೆ ಹೋದೆ, ಯಾರನ್ನು ಕೇಳಿದೆ ಎಂದು ಅಧಿಕಾರಿಗಳು ಪ್ರಶ್ನಿಸುವರು. ಇಡೀ ಊರಿಗೇ ಕೆಲಸವಿಲ್ಲವೆಂಬುದು ಪ್ರಶ್ನಿಸುವವನಿಗೂ ಗೊತ್ತು, ಉತ್ತರಿಸುವವನಿಗೂ ಗೊತ್ತು. ಆದರೂ ಜನರು ಇಲ್ಲದ ಕೆಲಸವನ್ನು ಬಾಗಿಲಿನಿಂದ ಬಾಗಿಲಿಗೆ ಕೇಳುತ್ತ ನಡೆದರು. ಕೇಳಿದೆವೆಂದು ಹೇಳುವುದಕ್ಕಾಗಿ ಕೇಳಿದರು. ಕಾರ್ಖಾನೆಯ ಕೆಲಸ ಕಳೆದುಕೊಂಡ ಹೆಣ್ಣುಮಕ್ಕಳನ್ನು ಉಳ್ಳವರ ಮನೆಯ ಚಾಕರಿಗೆ ಹೋಗುವಂತೆ ಒತ್ತಾಯಿಸಿ, ಒಲ್ಲೆವೆಂದವರ ಭತ್ಯೆಯನ್ನು ತಡೆದುದೂ ಉಂಟು. ಆ ದಶಕದಲ್ಲಿ ಲಕ್ಷಾಂತರ ಅರ್ಜಿಗಳು ಈ ಒಂದೇ ಕಾರಣದಿಂದ ತಿರಸ್ಕೃತವಾದವು. ಕೊನೆಗೆ 1930ರಲ್ಲಿ, ಆ ದೇಶದ ಮಂತ್ರಿಮಂಡಲಕ್ಕೆ ಸೇರಿದ ಮೊದಲ ಮಹಿಳೆಯಾದ ಮಾರ್ಗರೆಟ್ ಬಾಂಡ್‌ಫೀಲ್ಡ್ ಅವರು ಕಾರ್ಮಿಕ ಮಂತ್ರಿಣಿಯಾಗಿದ್ದಾಗ, ನಿಬಂಧನೆಯು ರದ್ದಾಯಿತು. ಕಛೇರಿಯು ತಕ್ಕ ಕೆಲಸವೊಂದನ್ನು ತೋರಿಸಿ ಅವನು ಅದನ್ನು ನಿರಾಕರಿಸಿದರೆ ಮಾತ್ರ ಭತ್ಯೆಯು ನಿಲ್ಲುವುದೆಂದಾಯಿತು. ಹೊರೆಯು ಒಂದು ಹೆಗಲಿನಿಂದ ಇನ್ನೊಂದಕ್ಕೆ ದಾಟಿತು. ಈ ದಾಟುವಿಕೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಶತಮಾನದ ಕೊನೆಯಲ್ಲಿ ಆ ನಿಬಂಧನೆಯು ಬೇರೆ ಮಾತುಗಳಲ್ಲಿ ಮರಳಿ ಬಂದಿತು. 1989ರ ಶಾಸನವು ‘ಸಕ್ರಿಯವಾಗಿ’ ಹುಡುಕಬೇಕೆಂದಿತು. 1996ರಲ್ಲಿ ಭತ್ಯೆಯ ಹೆಸರೇ ಕೆಲಸ ಹುಡುಕುವವನ ಭತ್ಯೆಯೆಂದಾಯಿತು. 2013ರಿಂದ ಜಾರಿಗೆ ಬಂದ ವ್ಯವಸ್ಥೆಯಲ್ಲಿ ವಾರಕ್ಕೆ 35 ಗಂಟೆಗಳವರೆಗೂ ಹುಡುಕಾಟದಲ್ಲಿ ಕಳೆಯಬೇಕೆಂದು ಕರಾರು ಬರೆಯಿಸಿಕೊಳ್ಳುವ ಕ್ರಮ ಬಂದಿತು. ತಪ್ಪಿದವರಿಗೆ ಮೂರು ವರ್ಷಗಳ ತನಕ ಹಣ ಕಡಿಯುವ ದಂಡವೂ ಇದ್ದಿತು; ಅದನ್ನು 2019ರಲ್ಲಿ ಆರು ತಿಂಗಳಿಗೆ ಇಳಿಸಿದರು. ಆಸ್ಟ್ರೇಲಿಯಾದಲ್ಲಿ ತಿಂಗಳಿಗೆ 20 ಅರ್ಜಿಗಳ ಲೆಕ್ಕವು ಬಹುಕಾಲ ನಡೆದು, 2022ರ ಜುಲೈಯಲ್ಲಿ ಅಂಕಗಳ ಪದ್ಧತಿಯು ಬಂದಿತು. ಅರ್ಜಿಗೆ ಇಷ್ಟು, ಸಂದರ್ಶನಕ್ಕೆ ಇಷ್ಟು, ಕೂಡಿ ತಿಂಗಳಿಗೆ ನೂರು. ನಮ್ಮ ಶಾಲೆಯ ಹುಡುಗರಿಗೆ ಇದು ಬಹಳ ಪರಿಚಿತವಾಗಿ ತೋರೀತು.

ಹುಡುಕುವುದು ಬೇರೆ, ಹುಡುಕಿದುದನ್ನು ತೋರಿಸುವುದು ಬೇರೆ. ನೇಕಾರಿಕೆ ಬಿಟ್ಟ ಒಬ್ಬನು ಸೋದರಮಾವನನ್ನು ಕಂಡು ಮಾತನಾಡುತ್ತಾನೆ. ಸಂತೆಯಲ್ಲಿ ಅರ್ಧ ದಿನ ನಿಂತು ಯಾರ ಗಿರಣಿಯಲ್ಲಿ ಆಳು ಬೇಕಾಗಿದೆಯೆಂದು ವಿಚಾರಿಸುತ್ತಾನೆ. ನಾಲ್ಕು ದಿನ ಸಂಬಳವಿಲ್ಲದೆ ಒಬ್ಬ ಮೇಸ್ತ್ರಿಯ ಬಳಿ ಕೈ ತಿದ್ದಿಕೊಳ್ಳುತ್ತಾನೆ. ನಮ್ಮ ಕಡೆ ಬಹುಮಂದಿಗೆ ಕೆಲಸ ಸಿಗುವುದು ಹೀಗೆಯೇ, ಇದಕ್ಕೆ ಕಾಗದವಿಲ್ಲ. ಇನ್ನೊಬ್ಬನು ಕೈಯಲ್ಲಿರುವ ಮೊಬೈಲಿನ ಗುಂಡಿಯನ್ನು ಒತ್ತಿ, ತಾನು ಓದಿಯೂ ನೋಡದ ಇಪ್ಪತ್ತು ಜಾಹೀರಾತುಗಳಿಗೆ ಒಂದೇ ಅರ್ಜಿಯನ್ನು ಕಳಿಸುತ್ತಾನೆ. ಇವನ ಕಾಗದವು ಪರಿಪೂರ್ಣ. ಪುರಾವೆಯ ನಿಯಮವು ಎರಡನೆಯವನನ್ನು ಉದ್ಯೋಗಶೀಲನೆಂದೂ ಮೊದಲನೆಯವನನ್ನು ಆಲಸಿಯೆಂದೂ ಬರೆದುಕೊಳ್ಳುತ್ತದೆ. ಒಳಗಿನ ಭಕ್ತಿಯಿಲ್ಲದೆ ಹೊರಗಿನ ವೇಷವನ್ನು ಮಾತ್ರ ಹೊತ್ತವರನ್ನು ಶರಣರು ಎಷ್ಟು ಕಠಿನವಾಗಿ ಜರೆದಿದ್ದಾರೆಂಬುದು ವಿದಿತವೇ ಇದೆ. ಇಲ್ಲಿಯಾದರೋ ವೇಷವನ್ನು ಶಾಸನವೇ ವಿಧಿಸುತ್ತದೆ, ವೇಷಕ್ಕೇ ಅನ್ನವನ್ನು ಅಳೆದು ಕೊಡುತ್ತದೆ.

ಹಾಗಾದರೆ ಏನನ್ನೂ ಕೇಳಲೇಬಾರದೇ? ಹೀಗೆನ್ನುವುದು ಶರಣಮಾರ್ಗಕ್ಕೆ ಒಪ್ಪುವ ಮಾತಲ್ಲ. ಕಾಯದಿಂದ ನಡೆಯತಕ್ಕದ್ದು ಕಾಯಕ. ಕಾಯವುಳ್ಳವರಿಗೆಲ್ಲ ಅದು ತಪ್ಪದು. ನುಲಿಯ ಚಂದಯ್ಯನವರ ಐತಿಹ್ಯವು ಇದನ್ನು ತುದಿಮುಟ್ಟಿಸಿ ಹೇಳುತ್ತದೆ. ಹಗ್ಗಕ್ಕಾಗಿ ಹುಲ್ಲು ಕೊಯ್ಯುತ್ತಿರುವಾಗ ಇಷ್ಟಲಿಂಗವು ಕಳಚಿಬಿದ್ದಿತು. ಚಂದಯ್ಯನವರು ಕಾಯಕವನ್ನು ಬಿಟ್ಟು ಅದನ್ನೆತ್ತಿಕೊಳ್ಳಲಿಲ್ಲ. ಲಿಂಗವೇ ಹಿಂದೆ ಬಂದು ಬೇಡಿದಾಗ, ಮಡಿವಾಳ ಮಾಚಯ್ಯನವರು ನಡುವೆ ಬಂದು ಹೇಳಿದ ಮೇಲೆ, ಲಿಂಗವೂ ಕಾಯಕ ಮಾಡಬೇಕೆಂಬ ಕರಾರಿನ ಮೇಲೆ ಒಪ್ಪಿದರು. ಲಿಂಗಕ್ಕೇ ವಿನಾಯಿತಿಯಿಲ್ಲದ ಮಾರ್ಗದಲ್ಲಿ ಪದವೀಧರನಿಗೆ ವಿನಾಯಿತಿ ಎಲ್ಲಿಂದ ಬರಬೇಕು?

ಈ ಕಥೆಯನ್ನು ಉದಾಹರಿಸುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ಮುಂದಿನ ಭಾಗವನ್ನೂ ನೋಡಬೇಕು. ಚಂದಯ್ಯನವರು ಲಿಂಗಕ್ಕೆ, ‘ಹೋಗು, ಕಲ್ಯಾಣದ ಬೀದಿಯಲ್ಲಿ ಕೆಲಸ ಕೇಳಿದ್ದಕ್ಕೆ ಸಾಕ್ಷಿ ತಾ’ ಎನ್ನಲಿಲ್ಲ. ತಾವು ಹೊಸೆದ ಹಗ್ಗವನ್ನು ಕೈಗಿತ್ತು, ಮಾರಿ ಬೆಲೆಯನ್ನು ತರುವಂತೆ ಹೇಳಿದರು. ಕೇಳಿದವರ ಕೈಯಲ್ಲಿ ಕೆಲಸವಿದ್ದಿತು; ಆದುದರಿಂದ ಕೇಳುವ ಅಧಿಕಾರವೂ ಇದ್ದಿತು. 1930ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಹೊರೆಯ ದಾಟುವಿಕೆಯೂ ಇದೇ ಅಲ್ಲವೇ? ನಮ್ಮ ದೇಶದ 2005ರ ಗ್ರಾಮೀಣ ಉದ್ಯೋಗ ಖಾತರಿ ಶಾಸನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಕೆಲಸ ಬೇಕೆಂದು ಅರ್ಜಿ ಕೊಟ್ಟವನಿಗೆ 15 ದಿನಗಳಲ್ಲಿ ಕೆಲಸ ಕೊಡಬೇಕು; ಕೊಡಲಾಗದಿದ್ದರೆ ಮೊದಲ 30 ದಿನ ಕೂಲಿಯ ಕಾಲುಭಾಗಕ್ಕೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದ ಭತ್ಯೆಯನ್ನು ಕೊಡಬೇಕು ಎಂದು ಅದು ವಿಧಿಸಿತ್ತು. ಅಲ್ಲಿ ಪುರಾವೆ ಕೊಡಬೇಕಾದವನು ಕೂಲಿಯವನಲ್ಲ, ಸರಕಾರ. ಆ ಭತ್ಯೆಯು ಎಷ್ಟು ಜನರ ಕೈಸೇರಿತೆಂಬುದು ಬೇರೆಯ ಮಾತು. ಬರೆದ ಧರ್ಮವಂತೂ ನೆಟ್ಟಗಿದ್ದಿತು.

ದಂಡದ ವಿಷಯವಾಗಿಯೂ ಒಂದು ಮಾತು. ಜರ್ಮನಿಯ ಸಂವಿಧಾನ ನ್ಯಾಯಾಲಯವು 2019ರ ನವೆಂಬರ್ 5ರಂದು, ಕರ್ತವ್ಯ ತಪ್ಪಿದವನ ಭತ್ಯೆಯಲ್ಲಿ ನೂರಕ್ಕೆ 30ರವರೆಗೆ ಕಡಿಯಬಹುದು, 60 ಭಾಗವನ್ನು ಅಥವಾ ಪೂರ್ತಿಯನ್ನು ಕಡಿದುಹಾಕುವ ಆಗಿನ ನಿಯಮಗಳು ಮನುಷ್ಯನ ಘನತೆಗೆ ವಿರುದ್ಧವೆಂದು ತೀರ್ಪಿತ್ತಿತು. ನ್ಯಾಯಾಧೀಶರು ದಾಸೋಹವೆಂಬ ಶಬ್ದವನ್ನು ಕೇಳಿದ್ದರೋ ಇಲ್ಲವೋ, ಅದರ ಭಾವವನ್ನಂತೂ ಮುಟ್ಟಿದರು. ದಾಸೋಽಹಂ ಎಂಬುದು ಕೊಡುವವನ ಮಾತು, ಬೇಡುವವನದಲ್ಲ. ನಾನು ದಾಸನೆಂದುಕೊಂಡು ಬಡಿಸುವವನು ಪಂಕ್ತಿಯ ಶಿಸ್ತನ್ನು ಕಾಯಬಹುದು, ಎಲೆಯನ್ನು ಎಳೆದುಕೊಳ್ಳಲಾರನು.

ನಮ್ಮ ಯುವನಿಧಿಯು ಹುಡುಕಾಟದ ಪುರಾವೆಯ ದಾರಿಯನ್ನು ಹಿಡಿಯಲಿಲ್ಲ. ತನಗೆ ಕೆಲಸ ಸಿಕ್ಕಿಲ್ಲ, ಮುಂದಿನ ವ್ಯಾಸಂಗಕ್ಕೂ ಸೇರಿಲ್ಲ ಎಂದು ಪಡೆಯುವವನು ತಾನೇ ಘೋಷಿಸಬೇಕೆಂದು ಯೋಜನೆಯ ಆರಂಭದಲ್ಲಿ ವಿಧಿಸಿದರು. ಇದು ಸಡಿಲವಾದ ನಿಯಮವೆಂದು ಹಲವರು ಹೇಳುತ್ತಾರೆ. ನನಗಾದರೋ ಇದು ಹೆಚ್ಚು ಕಠಿನವಾಗಿ ಕಾಣುತ್ತದೆ. ಪುರಾವೆ ಕೇಳುವವನ ಎದುರಿನಲ್ಲಿ ಅಧಿಕಾರಿಯನ್ನು ಒಪ್ಪಿಸಿದರೆ ಸಾಕು. ಮಾತನ್ನೇ ನಂಬುವವನ ಎದುರಿನಲ್ಲಿ ತನ್ನನ್ನು ತಾನು ಒಪ್ಪಿಸಬೇಕಾಗುತ್ತದೆ. ಬೆಂಗಳೂರಿನ ಕಂಪನಿಯೊಂದರಲ್ಲಿ ದುಡಿಯುತ್ತಿದ್ದು ಊರಿನ ವಿಳಾಸದಿಂದ ‘ಕೆಲಸವಿಲ್ಲ’ ಎಂದು ಘೋಷಿಸುವ ಹುಡುಗನೊಬ್ಬನಿದ್ದರೆ, ಅವನ ತಾಯಿಗೆ ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ನೆನಪಿಸಬೇಕು. ಗಂಡನು ಆಯ್ದು ತಂದ ಅಕ್ಕಿಯು ಎಂದಿನ ಅಳತೆಗಿಂತ ಹೆಚ್ಚಾಗಿದ್ದುದನ್ನು ಕಂಡು ಆ ತಾಯಿ ಅದನ್ನು ಒಳಕ್ಕೆ ತೆಗೆದುಕೊಳ್ಳಲಿಲ್ಲ. ತಂದಲ್ಲಿಗೇ ಚೆಲ್ಲಿ ಬರುವಂತೆ ಹಿಂದಕ್ಕೆ ಅಟ್ಟಿದರು. ಯಾವ ಅಧಿಕಾರಿಯೂ ಬಂದು ಅವರ ಮಡಕೆಯನ್ನು ಪರೀಕ್ಷಿಸಿರಲಿಲ್ಲ.

ಸರಕಾರದ ಮಾತು ಇಷ್ಟಾಯಿತು. ಯಾವ ಶಾಸನವೂ ಇಲ್ಲದೆ ಇದೇ ಪರೀಕ್ಷೆಯನ್ನು ದಿನದಿನವೂ ನಡೆಸುವ ಕಛೇರಿಯೊಂದಿದೆ. ಅದು ನಮ್ಮ ಮನೆ. ಮಗನು ಪದವಿ ಪಡೆದು ವರ್ಷವಾಗಿದೆ. ರಾತ್ರಿ ಊಟಕ್ಕೆ ಕೂತಾಗ ತಂದೆಯು ಮುಖ ನೋಡದೆ ಕೇಳುತ್ತಾನೆ: ‘ಇವತ್ತು ಎಲ್ಲಿಗೆ ಹೋಗಿದ್ದೆ?’ ಮಗನು ಹೇಳುತ್ತಾನೆ. ‘ಅವರೇನಂದರು?’ ಅದನ್ನೂ ಹೇಳುತ್ತಾನೆ. ಮರುದಿನ ಮತ್ತೆ. ಕೆಲವು ದಿನಗಳ ಮೇಲೆ ಮಗನು ಬೆಳಗ್ಗೆಯೇ ಮನೆ ಬಿಟ್ಟು ಬಸ್ ನಿಲ್ದಾಣದಲ್ಲಿ ಕೂತಿದ್ದು, ಹೊತ್ತು ಮುಳುಗಿದ ಮೇಲೆ ಬಂದು ಎಲ್ಲಿಗೋ ಹೋಗಿದ್ದೆನೆಂದು ಹೇಳತೊಡಗುತ್ತಾನೆ. 1920ರ ದಶಕದಲ್ಲಿ ಇಂಗ್ಲೆಂಡಿನ ಕಾರ್ಮಿಕನಿಗೆ ಮೇಲ್ಮನವಿಗೆ ಮಂಡಳಿಯಾದರೂ ಇದ್ದಿತು. ಈ ಹುಡುಗನಿಗೆ ಅದೂ ಇಲ್ಲ. ಅದೇ ಮನೆಯಲ್ಲಿ ಅಷ್ಟೇ ಓದಿದ ಮಗಳನ್ನು ಯಾರೂ ಕೇಳುವುದಿಲ್ಲ. ಅವಳಿಗಾಗಿ ಮನೆಯವರು ಹುಡುಕುತ್ತಿರುವುದು ವರನನ್ನು. ಅವಳು ಬೆಳಗಿನಿಂದ ಮಾಡುವ ಕೆಲಸವನ್ನು ನಿರುದ್ಯೋಗವೆಂದೂ ಎನ್ನರು, ಉದ್ಯೋಗವೆಂದೂ ಎನ್ನರು. ಇವೆರಡರಲ್ಲಿ ಯಾವುದು ಹೆಚ್ಚು ನೋಯಿಸುವುದೋ ನಾನು ಹೇಳಲಾರೆ. ತಂದೆಯ ಪ್ರಶ್ನೆಯಲ್ಲಿ ದುರುದ್ದೇಶವಿಲ್ಲ, ಭಯವಿದೆ. ಆದರೆ ಚಂದಯ್ಯನವರ ಅಳತೆಗೋಲು ಅವನಿಗೂ ಸಲ್ಲುತ್ತದೆ. ಕೇಳುವ ಮೊದಲು ಕೈಯಲ್ಲಿ ಹಗ್ಗವೇನಾದರೂ ಇದೆಯೇ? ಹೊಲದ ಲೆಕ್ಕ, ಅಂಗಡಿಯ ಖಾತೆ, ಪಕ್ಕದ ಮನೆಯ ಮಕ್ಕಳಿಗೆ ಪಾಠ—ಇವು ನೌಕರಿಯಲ್ಲ, ಕಾಯಕವಂತೂ ಅಹುದು. ಸಂಬಳದ ಕೆಲಸ ಬರುವವರೆಗೆ ಹುಡುಗನ ಬೆನ್ನನ್ನು ನೆಟ್ಟಗಿಡಲು ಇಷ್ಟಾದರೂ ಬೇಕು.

ಈ ಪತ್ರಿಕೆಯ ವಾಚಕರಲ್ಲಿ ಅಂಗಡಿ, ಗಿರಣಿ ನಡೆಸುವವರಿದ್ದೀರಿ. ಸಹಕಾರಿ ಬ್ಯಾಂಕುಗಳ, ವಿದ್ಯಾಸಂಸ್ಥೆಗಳ ಆಡಳಿತದಲ್ಲಿ ಕೂತವರೂ ಇದ್ದೀರಿ. ಒಂದು ಗುಮಾಸ್ತನ ಜಾಗಕ್ಕೆ ನಿಮ್ಮ ಮೇಜಿನ ಮೇಲೆ ನೂರಾರು ಅರ್ಜಿಗಳು ಬಂದು ಬೀಳುತ್ತವೆ. ಒಬ್ಬನನ್ನು ತೆಗೆದುಕೊಂಡು ಉಳಿದವನ್ನು ಕಟ್ಟಿ ಅಟ್ಟಕ್ಕೆ ಹಾಕುವುದು ವಾಡಿಕೆ. ಆ ಕಟ್ಟಿನಲ್ಲಿರುವ ಒಬ್ಬೊಬ್ಬನೂ ತಿಂಗಳುಗಟ್ಟಲೆ ಅಂಚೆಯವನ ದಾರಿಯನ್ನೋ ಮೊಬೈಲಿನ ತೆರೆಯನ್ನೋ ನೋಡುತ್ತಿರುತ್ತಾನೆ. ಪ್ರತಿ ರಾತ್ರಿಯೂ ‘ಇನ್ನೂ ತಿಳಿಸಿಲ್ಲ’ ಎಂದು ತಂದೆಗೆ ಉತ್ತರ ಕೊಡುತ್ತಿರುತ್ತಾನೆ. ‘ಇಲ್ಲ’ ಎಂಬ ಎರಡಕ್ಷರವನ್ನು ಅವನ ಹೆಸರಿಗೆ ಬರೆದು ಕಳಿಸುವ ಕೆಲಸವನ್ನು ನಿಮ್ಮ ಗುಮಾಸ್ತರಿಗೆ ಈ ತಿಂಗಳಿನಿಂದಲೇ ಒಪ್ಪಿಸಬಹುದು.