ಬಿಟ್ಟವರ ಬೆಟ್ಟಗಳು

ರೋಮಿನಿಂದ ರೈಲು ಹಿಡಿದು ಒಂದು ದಿನದ ಮಟ್ಟಿಗೆ ಅಸಿಸಿಗೆ ಹೋಗಿದ್ದೆ. ಬೆಟ್ಟದ ಮೇಲಿನ ಹಳೆಯ ಊರು. ಬಟ್ಟೆ ವ್ಯಾಪಾರಿಯ ಮಗ ಫ್ರಾನ್ಸಿಸ್ ಉಟ್ಟ ಬಟ್ಟೆಯನ್ನೂ ಅಪ್ಪನಿಗೇ ಬಿಚ್ಚಿಕೊಟ್ಟು ನಡೆದದ್ದು ಇಲ್ಲೇ. 1226ರಲ್ಲಿ ತೀರಿಕೊಂಡ, ಎರಡೇ ವರ್ಷಕ್ಕೆ ಆ ಬಡವನ ಹೆಸರಿನ ಭಾರೀ ಚರ್ಚಿಗೆ ಅಡಿಗಲ್ಲು ಇಟ್ಟರು. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ ನೆನಪಾಯಿತು. ಗೆದ್ದ ರಾಜ್ಯವನ್ನು ಬಿಟ್ಟ ಬಾಹುಬಲಿಯನ್ನು 58 ಅಡಿ ಎತ್ತರ ನಿಲ್ಲಿಸಿದವನು ಗಂಗರ ಮಂತ್ರಿ ಚಾವುಂಡರಾಯ. ಬಿಟ್ಟವರನ್ನು ನೆನೆಯುವುದಕ್ಕೂ ಬಿಡದವರೇ ಬೇಕೇನೋ!

ಊರಲ್ಲಿ ನನ್ನನ್ನೂ ‘ಎಲ್ಲಾ ಬಿಟ್ಟು ಓದೋಕೆ ಹೋದವನು’ ಅನ್ನುತ್ತಾರೆ. ನಾನು ಬಿಟ್ಟದ್ದೇನು? ಸ್ಕಾಲರ್‌ಶಿಪ್ ಬರುತ್ತಿದೆ, ನಾಳೆ ಪದವಿಯೂ ಬರುತ್ತದೆ. ವಿಮಾನದ ಟಿಕೆಟ್ಟಿಗೆಂದು ಎರಡು ಹಸು ಮಾರಿದವರು ಅಪ್ಪ. ಅಲ್ಲಿಂದಲೇ ಫೋನ್ ಮಾಡಿದೆ. ‘ಬೆಟ್ಟ ಹತ್ತಿ ಸುಸ್ತಾಗಿರ್ತೀಯ, ಏನಾದ್ರೂ ತಿನ್ನು ಮಗಾ’ ಎಂದರು. ಹಸುಗಳ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.