ಮನೆಯವಳಿದ್ದಂತೆ

‘ನಮ್ಮ ಕೆಲಸದಾಕೆ ನಮಗೆ ಮನೆಯವಳಿದ್ದಂತೆ’ ಎಂಬ ಮಾತನ್ನು ಆಡದ ಗೃಹಿಣಿ ಯಾರಿದ್ದಾರೆ? ನಾನೂ ಅನೇಕ ಸಲ ಆಡಿದ್ದೇನೆ, ಅಭಿಮಾನದಿಂದಲೇ. ಅದರಲ್ಲಿ ಸುಳ್ಳೇನಾದರೂ ಇದೆಯೆಂದು ಆಗ ಅನಿಸಿರಲಿಲ್ಲ.

ನನ್ನ ತವರು ರೋಣ ತಾಲೂಕಿನ ಹೊಳೆಮಣ್ಣೂರ. ಮಲಪ್ರಭೆಯ ದಂಡೆಯ ಊರು. ಅದು ಇನ್ನೂ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ನಮ್ಮ ಓಣಿಯಲ್ಲಿ ಒಬ್ಬ ಮುದುಕಿ ಇದ್ದಳು. ಬಾಣಂತಿ, ಕೂಸುಗಳಿಗೆ ಎಣ್ಣೆ ಹಚ್ಚಿ ಎರೆಯುವುದು ಅವಳ ಕೆಲಸ. ಬಚ್ಚಲದಲ್ಲಿ ಕಾಲು ನೀಡಿ ಕುಳಿತು, ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು, ನೀರಿನ ಹದವನ್ನು ಮೊಣಕೈಯಿಂದ ನೋಡುವಳು. ನನ್ನನ್ನೂ ನನ್ನ ತಮ್ಮಂದಿರನ್ನೂ ಎರೆದವಳು ಅವಳೇ. ಬಾಣಂತನ ಮುಗಿದಾಗ ಅವಳಿಗೆ ಒಂದು ಮರ ಜೋಳ, ಒಂದು ಕುಬಸದ ಖಣ, ಎಲೆ-ಅಡಿಕೆ. ‘ಎಷ್ಟು’ ಎಂದು ಅವಳು ಕೇಳುತ್ತಿರಲಿಲ್ಲ. ‘ಇಷ್ಟು’ ಎಂದು ನಮ್ಮವರು ಹೇಳುತ್ತಿರಲಿಲ್ಲ. ಕೊಟ್ಟದ್ದನ್ನು ಉಡಿಯಲ್ಲಿ ಹಾಕಿಕೊಂಡು ಕೂಸನ್ನು ಹರಸಿ ಹೋಗುತ್ತಿದ್ದಳು. ಮುಪ್ಪಿನಲ್ಲಿ ಕಣ್ಣು ಮಂದವಾದ ಮೇಲೆ ಯಾರೂ ಅವಳನ್ನು ಕರೆಯಲಿಲ್ಲ. ಊರವರು ಕೆಟ್ಟವರಲ್ಲ. ಆದರೆ ಓಣಿಯ ಕೂಸುಗಳನ್ನೆಲ್ಲ ಸಾಕಿದ ಆ ಕೈಗಳಿಗೆ ಯಾರೂ ಏನನ್ನೂ ‘ಕೊಡಬೇಕಾಗಿರಲಿಲ್ಲ’.

ಅವಳನ್ನು ನಾನು ಮರೆತೇಬಿಟ್ಟಿದ್ದೆ. ನೆನಪಿಸಿದ್ದು ಗದಗಿನ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿ.

ನಾನು ಶಾಲೆಯ ಶಿಕ್ಷಕಿ. ಮೊಮ್ಮಗಳನ್ನು ನೋಡಿಕೊಳ್ಳಲು, ಪಾತ್ರೆ-ಬಟ್ಟೆಗೆ ಎಂದು ಒಬ್ಬಾಕೆ ಆರು ವರ್ಷದಿಂದ ಬರುತ್ತಿದ್ದಳು. 2024ರ ಆಗಸ್ಟಿನಿಂದ ರಾಜ್ಯದ ನೌಕರರಿಗೆ ಏಳನೆಯ ವೇತನ ಆಯೋಗದ ಸಂಬಳ ಬಂತು, ನನಗೂ ಬಂತು. ಅದೇ ಮಳೆಗಾಲದಲ್ಲಿ ಆಕೆ ಜ್ವರ ಬಂದು ಹದಿನೈದು ದಿನ ಮಲಗಿದಳು. ನಾನು ವೈದ್ಯಕೀಯ ರಜೆ ಹಾಕಿ ಮಗುವನ್ನು ನೋಡಿಕೊಂಡೆ. ತಿಂಗಳ ಕೊನೆಗೆ ನನ್ನ ಸಂಬಳ ಪೂರ್ತಿ ಜಮಾ ಆಯಿತು. ಆಕೆಗೆ ನಾನು ಅರ್ಧ ತಿಂಗಳದ್ದನ್ನು ಎಣಿಸಿ ಕೊಟ್ಟೆ. ಆಕೆ ಎಣಿಸದೆ ತೆಗೆದುಕೊಂಡು, ‘ಇರ್ಲಿ ಬಿಡ್ರಿ ಬಾಯಾರ’ ಎಂದಳು. ಹೋಗುವಾಗ ಮಗುವಿನ ಗಲ್ಲ ಸವರಿ ಹೋದಳು. ಜಡ್ಡು ಬಿದ್ದವಳು ಆಕೆ. ಸಂಬಳದ ರಜೆ ಸಿಕ್ಕಿದ್ದು ನನಗೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮನೆಯವಳೇ ಆಗಿದ್ದರೆ ಜ್ವರದ ದಿನಗಳನ್ನು ಲೆಕ್ಕ ಹಾಕಿ ಮುರಿದುಕೊಳ್ಳುತ್ತಿದ್ದೆನೇ? ನೌಕರಳಾಗಿದ್ದರೆ ಅವಳಿಗೆ ರಜೆ ಇರಬೇಕಿತ್ತಲ್ಲ? ಹೆಚ್ಚು ಕೆಲಸ ಬೇಕಾದಾಗ ‘ಮನೆಯವಳು’, ಹಣ ಕೊಡುವಾಗ ‘ಹೊರಗಿನವಳು’. ಆ ಅಕ್ಕರೆಯ ಮಾತು ನನ್ನ ಅನುಕೂಲಕ್ಕೆ ಎರಡೂ ಕಡೆ ತಿರುಗುತ್ತಿತ್ತು. ದೀಪಾವಳಿಗೆ ನಾನು ಆಕೆಗೆ ಸೀರೆ ಕೊಡುತ್ತೇನೆ, ನಿಜ. ಆದರೆ ಸೀರೆ ನನ್ನ ಔದಾರ್ಯ. ಬೇಡವೆನಿಸಿದ ವರ್ಷ ನಿಲ್ಲಿಸಬಹುದು. ಹಕ್ಕನ್ನು ಹಾಗೆ ನಿಲ್ಲಿಸಲು ಬರುವುದಿಲ್ಲ.

ಗೆಳತಿಯೊಬ್ಬಳು ಕೇಳಿದಳು: ‘ಹಿಂಗ ಕಾಗದ-ಪತ್ರ ಮಾಡಿದ್ರ ಪ್ರೀತಿ ಉಳೀತದೇನು?’ ನನಗೆ ಸೇವಾ ಪುಸ್ತಕವಿದೆ, ರಜೆಯ ಲೆಕ್ಕವಿದೆ, ಪಿಂಚಣಿಯಿದೆ. ಅದರಿಂದ ನನ್ನ ಮಕ್ಕಳ ಮೇಲಿನ ಪ್ರೀತಿಯೇನೂ ಕಡಿಮೆಯಾಗಿಲ್ಲ. ನಾಳಿನ ಭಯವಿಲ್ಲದ್ದಕ್ಕೇ ನೆಮ್ಮದಿಯಿಂದ ಪಾಠ ಹೇಳುತ್ತೇನೆ.

ಈ ಕೆಲಸ ಇಷ್ಟು ಅಗ್ಗವೇಕೆ ಎಂದು ಯೋಚಿಸಿದಾಗ ಉತ್ತರ ನಮ್ಮ ಅಡುಗೆಮನೆಯಲ್ಲೇ ಸಿಕ್ಕಿತು. ನಮ್ಮ ದೇಶದ ಜನಗಣತಿಯಲ್ಲಿ ಬರೀ ಮನೆಗೆಲಸ ಮಾಡುವ ಹೆಂಗಸು ‘ಕೆಲಸ ಮಾಡದವಳು’. ಜೀವನವಿಡೀ ಒಲೆಯ ಮುಂದೆ ನಿಂತ ನನ್ನ ಅವ್ವನೂ ಆ ಲೆಕ್ಕದಲ್ಲಿ ಸೊನ್ನೆ. ಅವ್ವ ಪುಕ್ಕಟೆ ಮಾಡಿದ ಕೆಲಸಕ್ಕೆ ಇನ್ನೊಬ್ಬಳಿಗೆ ಏಕೆ ಹೆಚ್ಚು ಕೊಡಬೇಕೆಂದು ಲೋಕ ಕೇಳುತ್ತದೆ. ಆಕೆಯ ಬೆಲೆ ಇಳಿಸಿದಾಗ ನಾವು ನಮ್ಮ ಅವ್ವಂದಿರ ಬೆಲೆಯನ್ನೂ ಇಳಿಸುತ್ತೇವೆ. ಹನ್ನೆರಡನೆಯ ಶತಮಾನದಲ್ಲೇ ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ಅಂಗಳ ಗುಡಿಸುವ ಸತ್ಯಕ್ಕ ತಮ್ಮ ಕಾಯಕದಿಂದಲೇ ಶರಣೆಯರೆನಿಸಿದರು. ಅವರ ಹೆಸರನ್ನು ಭಾಷಣದಲ್ಲಿ ಹೇಳುವ ನಾವು ನಮ್ಮ ಅಂಗಳ ಗುಡಿಸುವವಳಿಗೆ ವಾರಕ್ಕೊಂದು ಬಿಡುವು ಕೊಡಲು ಹಿಂಜರಿಯುತ್ತೇವೆ.

ಕಾನೂನು ಮೆಲ್ಲಗೆ ಬಾಗಿಲು ತಟ್ಟುತ್ತಿದೆ. ಕರ್ನಾಟಕ 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಪಡಿಸಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರ ಜೂನ್ 16ರಂದು ಇವರಿಗಾಗಿಯೇ 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಮನೆಯನ್ನೂ ಕೆಲಸದ ಸ್ಥಳವೆಂದು ಒಪ್ಪಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇವರಿಗೊಂದು ಕಾನೂನಿನ ಚೌಕಟ್ಟು ಬೇಕೇ ಎಂದು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಅದೇ ವರ್ಷ ನಮ್ಮ ರಾಜ್ಯವೂ ನೋಂದಣಿ, ಲಿಖಿತ ಕರಾರು, ಕಲ್ಯಾಣ ನಿಧಿಗಳನ್ನೊಳಗೊಂಡ ಮಸೂದೆಯ ಕರಡು ಹೊರಡಿಸಿತು. ಆದರೆ ಗಿರಣಿಗೆ ಹೋಗುವಂತೆ ಇನ್‌ಸ್ಪೆಕ್ಟರು ನಮ್ಮ ಅಡುಗೆಮನೆಗೆ ಬರಲಾರ. ಇಲ್ಲಿ ಮಾಲಕರೂ ನಾವೇ, ಇನ್‌ಸ್ಪೆಕ್ಟರೂ ನಾವೇ. ಆದ್ದರಿಂದಲೇ ಇದು ಮೊದಲು ನಮ್ಮ ಮನಸ್ಸಿನ ಪ್ರಶ್ನೆ.

ಮರುದಿನ ಉಳಿದ ಅರ್ಧ ಸಂಬಳವನ್ನು ಕೊಟ್ಟೆ. ‘ಇದೆದಕ್ಕರಿ?’ ಎಂದಳು. ‘ನಿಂದ ಐತಿ’ ಎಂದೆ. ಎರಡು ನೋಟ್‌ಬುಕ್ ತಂದು ಎರಡರಲ್ಲೂ ಬರೆದೆ: ತಿಂಗಳ ಸಂಬಳ, ಕೆಲಸದ ಹೊತ್ತು, ವಾರಕ್ಕೊಂದು ರಜೆ, ಜಡ್ಡಿಗೆ ಬಿದ್ದರೆ ಸಂಬಳದ ರಜೆ, ವರ್ಷಕ್ಕೊಮ್ಮೆ ಏರಿಕೆ. ಒಂದನ್ನು ಆಕೆಗೆ ಕೊಟ್ಟೆ.

ಓದಲು ಬಾರದ ಆಕೆ ಅದನ್ನು ತಿರುವಿ ನೋಡಿದಳು. ‘ಮಗಳ ಕಡೆ ಓದಿಸ್ತೀನ್ರಿ’ ಎಂದು ಚೀಲದಲ್ಲಿಟ್ಟುಕೊಂಡಳು. ಮಾರನೆಯ ವಾರ ಬಂದವಳು, ಅಲ್ಲಿಯ ತನಕ ಎಂದೂ ಕೇಳದವಳು, ಬಾಗಿಲಲ್ಲೇ ನಿಂತು ಕೇಳಿದಳು: ‘ಬಾಯಾರ, ಕೆಲಸದ ಹೊತ್ತು ಅಂತ ಬರದೀರಲ್ಲ, ಬೀಗರು ಬಂದಾಗ ರಾತ್ರಿ ತನಕ ನಿಲ್ತೀನಿ. ಅದಕ್ಕೇನು?’

ಒಂದು ಕ್ಷಣ ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ನೋಟ್‌ಬುಕ್ ತೆಗೆದುಕೊಂಡು ಆ ಸಾಲನ್ನೂ ಸೇರಿಸಿದೆ.